ಹೆಸರಿಲ್ಲದ ಕಂಬಗಳು

ಶಿರಸಿಯಲ್ಲಿ ಕುಂಡದ ತುಂಬ ಕಳ್ಳಿ ಬೆಳೆಸುತ್ತೇನೆ ಎಂದರೆ ಜನ ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಸಾಗ್ವಾರೋ ಎಂಬ ದೈತ್ಯ ಕಂಬಗಳ್ಳಿಯ ಸೀಮೆಯಾದ ಅರಿಜೋನಾದ ಟೂಸಾನ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 300 ಮಿ.ಮೀ. ನಮ್ಮಲ್ಲಿ ಜುಲೈ ಒಂದೇ ಅದನ್ನು ಮುಗಿಸಿ, ಇನ್ನೂ ಇದೆ ಎನ್ನುತ್ತದೆ. ಇಂಥ ಊರಿಗೆ ನಾನು ತರಿಸಿದ್ದು ‘ಕಂಬಗಳ್ಳಿ, ಮಿಶ್ರ ಬೀಜ’ ಎಂಬ ಪೊಟ್ಟಣ. ಯಾವ ಯಾವುದರ ಮಿಶ್ರ ಎಂದು ಫೋನ್ ಮಾಡಿ ಕೇಳಿದ್ದಕ್ಕೆ ಮಾರಿದವರು, “ಬೆಳೆದ ಮೇಲೆ ಗೊತ್ತಾಗುತ್ತೆ ಸಾರ್” ಎಂದಿದ್ದರು.

ಬೆಳೆದವು. ಗೊತ್ತಾಗಲಿಲ್ಲ.

ಕಂಬಗಳ್ಳಿಗಳ ಬಾಲ್ಯವೆಲ್ಲ ಒಂದೇ ಥರ. ಹಸಿರು ಗುಂಡು, ಅದರ ನೆತ್ತಿಯ ಎರಡು ಬದಿಗೆ ದಪ್ಪನೆಯ ಬೀಜದೆಲೆ, ನಡುವೆ ಹತ್ತನೇ ಕ್ಲಾಸಿನ ಹುಡುಗನ ಮೀಸೆಯಂಥ ಮುಳ್ಳು. ಆಮೇಲೆ ಏಣು ಮೂಡುತ್ತವೆ. ಏಣು ಎಣಿಸಿ ಜಾತಿ ಹೇಳಬಹುದು ಎಂದು ಓದಿ ಎಣಿಸಿದೆ. ಮುಂದಿನ ಬೇಸಿಗೆಗೆ ಅದೇ ಗಿಡಕ್ಕೆ ಒಂದು ಏಣು ಜಾಸ್ತಿಯಾಗಿತ್ತು. ಇನ್ನು ಮೈಕಟ್ಟು ನೋಡೋಣವೆಂದರೆ, ಪ್ರತಿ ಮಳೆಗಾಲ ಬಿಸಿಲಿಲ್ಲದೆ ಕಂಬ ಸಪೂರವಾಗಿ, ದೀಪಾವಳಿಯ ನಂತರ ಮತ್ತೆ ಉಬ್ಬಿ, ಅಲ್ಲಲ್ಲಿ ಸೊಂಟ ಬಿದ್ದಿದೆ. ಯಾವ ವರ್ಷ ಮಳೆ ಎಷ್ಟು ದಿನ ಜಡಿಯಿತು ಎಂಬುದನ್ನು ಅದರ ಮೇಲೆ ಬೆರಳಿಟ್ಟು ಹೇಳಬಹುದು, ಹೆಸರು ಮಾತ್ರ ಹೇಳಲಾಗದು. ಸಾಗ್ವಾರೋ ಅಂತೂ ಅಲ್ಲ. ಅದು ಮೊದಲ ಎಂಟು ವರ್ಷದಲ್ಲಿ ಒಂದೂವರೆ ಇಂಚು ಏರಿದರೆ ದೊಡ್ಡದು. ಮೊದಲ ಹೂವಿಗೆ ಮೂವತ್ತು ಚಿಲ್ಲರೆ ವರ್ಷ. ಈ ಲೆಕ್ಕವನ್ನು ಆಯಿಗೆ ನಾನು ಹೇಳಿಲ್ಲ. ಡೇರೆ ಹೂವಿನ ಗಡ್ಡೆ ಹಂಚಿ ನೆಂಟಸ್ತಿಕೆ ಕಾಯ್ದುಕೊಂಡು ಬಂದವಳಿಗೆ ಹೂ ಬಿಡದ್ದು ಗಿಡವೇ ಅಲ್ಲ.

ಒಮ್ಮೆ ಬೆಂಗಳೂರಿನ ಗೆಳೆಯನಿಗೆ ಫೋಟೋ ಕಳಿಸಿದೆ. ಅವನಿಗೆ ಕಳ್ಳಿಯ ಹುಚ್ಚು ನನಗಿಂತ ಹಳತು. ಅರೆಕ್ಷಣದಲ್ಲಿ ಉತ್ತರ: “ಪೈಲೋಸೋಸೀರಿಯಸ್! ಬ್ರೆಜಿಲ್‌ನ ನೀಲಿ ಕಂಬ! ಮಾರಾಯ, ನಿನ್ನ ಅದೃಷ್ಟ!” ಗಿಡವೇನೋ ನಿಜಕ್ಕೂ ನೀಲಿಯೇ ಇತ್ತು. ಆದರೆ ಪಕ್ಕದ ಕುಂಡವೂ ನೀಲಿ, ಅದರ ಪಕ್ಕದ ಕಲ್ಲೂ ನೀಲಿ. ಹಿಂದಿನ ದಿನ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆದಿದ್ದ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಗಾಳಿ ನಮ್ಮ ಮನೆ ಕಡೆಗಿತ್ತು. ಗೆಳೆಯನಿಗೆ ಇದನ್ನು ತಿಳಿಸಿದ ಮೇಲೆ ಅವನು ಫೋಟೋ ನೋಡಿ ಹೆಸರು ಹೇಳುವುದನ್ನೇ ಬಿಟ್ಟಿದ್ದಾನೆ.

ಮಾವನದು ನೇರ ದಾರಿ. ನಮ್ಮ ಬೇಲಿಯ ಕಳ್ಳಿ ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಅಮೆರಿಕ ಖಂಡದ ಈ ಕಂಬಗಳಿಗೆ ಹಾಲಿಲ್ಲ, ಸಂಬಂಧವೂ ಇಲ್ಲ. ಇದನ್ನು ನಾನು ವಿವರಿಸುತ್ತಿದ್ದಾಗಲೇ ಅವನು ಕವಳದ ಸಂಚಿಯಿಂದ ಚೂರಿ ತೆಗೆದು ಎಲ್ಲಕ್ಕಿಂತ ಎತ್ತರದ್ದರ ತಲೆ ಕತ್ತರಿಸಿ, ಬಗ್ಗಿ ನೋಡಿ, “ಹಾಲಿಲ್ಲೆ. ಇದು ಕಳ್ಳಿಯೇ ಅಲ್ಲ” ಎಂದು ತೀರ್ಪು ಕೊಟ್ಟು ಕವಳ ಹಾಕಿಕೊಂಡ. ಗಿಡಗಳಿಗೆಲ್ಲ ಲ್ಯಾಟಿನ್ ಹೆಸರಿಟ್ಟ ಲಿನೇಯಸ್ 1753ರಲ್ಲಿ ಈ ಮುಳ್ಳಿನವನ್ನೆಲ್ಲ ಕ್ಯಾಕ್ಟಸ್ ಎಂಬ ಒಂದೇ ಕುಲಕ್ಕೆ ದಬ್ಬಿ ಕೈತೊಳೆದುಕೊಂಡಿದ್ದ; ಮಾವ ಅದರಿಂದಲೂ ಹೊರಗೆ ಹಾಕಿದ.

ತಲೆ ಹೋದ ಕಂಬಕ್ಕೆ ಎರಡು ತಲೆ ಬಂತು. ಬಿದ್ದ ತುಂಡನ್ನು ಆಯಿ ಗಾಯ ಒಣಗುವವರೆಗೆ ಸೂರಿನಡಿ ಇಟ್ಟು, ಕುಮಟೆಯ ಅತ್ತೆಗೆ ದಾಟಿಸಿದಳು, “ಅಮೆರಿಕದ್ದು” ಎಂಬ ಶಿಫಾರಸಿನೊಂದಿಗೆ. ಕುಮಟೆಯ ಮರಳು ಮಣ್ಣು, ಅಲ್ಲಿಯ ಸೆಕೆ ಅದಕ್ಕೆ ಒಗ್ಗಿರಬೇಕು. ಮೊನ್ನೆ ಬೆಳಿಗ್ಗೆ ಅತ್ತೆಯ ಫೋನು: ರಾತ್ರಿ ಹೂ ಬಿಟ್ಟಿತ್ತು, ಅಂಗೈಗಿಂತ ದೊಡ್ಡದು, ಬಿಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತ ಬಂದಿದೆ.

ನನ್ನ ಎದೆ ಹೊಡೆದುಕೊಂಡಿತು. ಜಾತಿ ಗೊತ್ತಾಗುವುದೇ ಹೂವಿನಲ್ಲಿ. ಹೂವಿನ ನಳಿಕೆ ನುಣ್ಣಗಿದ್ದರೆ ಸೀರಿಯಸ್ ಎಂಬ ಕುಲ; ರೋಮವಿದ್ದರೆ ಟ್ರೈಕೋಸೀರಿಯಸ್ ಎಂಬ ಕುಲ.

“ಅತ್ತೆ, ಹೂವಿನ ದಂಟಿಗೆ ಕೂದಲಿದೆಯಾ ನೋಡು!”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಹೂವಿಗೆ ಕೂದಲನಾ? ತಮಾ, ಆರಾಮಿದ್ಯ ನೀನು?”

“ಬೆರಳಿಂದ ಸವರಿ ನೋಡು, ಅಷ್ಟೇ ಸಾಕು.”

“ಎಲ್ಲಿ ಸವರದು? ದೇವರಿಗೆ ಏರಿಸಿ ಆತು.” ದೇವರ ತಲೆಯ ಮೇಲಿನ ಹೂ ತೆಗೆದು ಕೂದಲು ಹುಡುಕಲು ಅತ್ತೆ ತಯಾರಿರಲಿಲ್ಲ. ನಾನು ಒತ್ತಾಯಿಸುವಷ್ಟರಲ್ಲಿ ಆಯಿ ಫೋನ್ ಕಸಿದುಕೊಂಡು, ಕೆಂಪು ಹೂವಿನದ್ದು ಯಾರ ಮನೆಯಲ್ಲಾದರೂ ಇದ್ದರೆ ಒಂದು ತುಂಡು ಇಟ್ಟಿರು ಎಂದಳು.