ಆರರಲ್ಲೊಂದು ಪಾಲು

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ. 1982ರಿಂದ ಅಲ್ಲಿ ಕೂತವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ಜಾಗ ಬಿಟ್ಟು ಕದಲದ ಹಾಗೆ ನೋಡಿಕೊಳ್ಳುತ್ತಿದ್ದಾರೆ. ಅದೇ ಊರಿನ ಸಭಾಂಗಣವೊಂದರಲ್ಲಿ, ಕಣ್ಣೆದುರಿನ ಪರದೆ ಮೇಲೆ, ನಮ್ಮ ನಾಯಕರೊಬ್ಬರಿಗೆ ನೆಟ್ಟಗೆ ನಾಲ್ಕು ಹೆಜ್ಜೆ ನಡೆಯಲು ಆಗಲಿಲ್ಲ.

ಕುಡಿದಿರಲಿಲ್ಲ. ಸುಮ್ನೆ ಅಪವಾದ ಬೇಡ.

ಅವರು ಆಲೂಗಡ್ಡೆ ಅಧ್ಯಯನಕ್ಕೆ ಅಮೆರಿಕಕ್ಕೆ ಹೋಗಿದ್ದರು. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಂದರೆ ಅಲ್ಲಿಗೆ ಹೋಗಿ ನೋಡೋದೇ ಕ್ರಮ, ಅಲ್ವಾ? ಅಲ್ಲಿ ತೆಗೆಸಿದ ವಿಡಿಯೋ ಸೆಕೆಂಡಿಗೆ 30 ಚಿತ್ರದ್ದು. (ಅಕ್ಕಿಯಲ್ಲಿ ಕಲ್ಲು ಹುಡುಕುವವರಿಗೆ: 29.97. 1953ರಲ್ಲಿ ಅಲ್ಲಿನ ಟೀವಿಗೆ ಬಣ್ಣ ಸೇರಿಸುವಾಗ, ಅದು ಧ್ವನಿಯ ಸಿಗ್ನಲ್ ಜೊತೆ ಜಗಳ ಆಡಬಾರದೆಂದು ಚೂರು ಚಿವುಟಿದರು.) ಅಲ್ಲಿನ ಕರೆಂಟು 60 ಹರ್ಟ್ಸ್, ಟೀವಿಯೂ ಅದರ ತಾಳಕ್ಕೇ ಕುಣಿಯಿತು. ನಮ್ಮ ಕರೆಂಟು 50. ಹಾಗಾಗಿ ನಮ್ಮ ಹಳೇ ಟೀವಿಗೆ 25 ಚಿತ್ರ, ಹೆಸರು ಪಾಲ್ ಪದ್ಧತಿ. ಇಲಾಖೆಯ ಟೆಂಡರಿನಲ್ಲಿ ‘ವಿಡಿಯೋ ಪಾಲ್‌ನಲ್ಲಿರತಕ್ಕದ್ದು’ ಎಂಬ ಸಾಲಿತ್ತು. ಪಾಲು ಅಂದಮೇಲೆ ಯಾರೂ ಅರ್ಥ ಕೇಳಲಿಲ್ಲ.

ಕಡಿಮೆ ರೇಟು ಬರೆದವರಿಗೆ ಕೆಲಸ ಸಿಕ್ಕಿತು. ಅವರು ಪ್ರತಿ ಆರು ಚಿತ್ರಕ್ಕೆ ಒಂದನ್ನು ಕಿತ್ತೆಸೆದರು. ಹಿಂದೆ ರಾಜರು ಬೆಳೆಯಲ್ಲಿ ಆರರಲ್ಲೊಂದು ಪಾಲು ಎತ್ತುತ್ತಿದ್ದರಂತೆ. ಈಗಿನ ಪರ್ಸೆಂಟೇಜ್ ನೋಡಿದರೆ ಅದು ಧರ್ಮದ ಲೆಕ್ಕವೇ. ಆದರೆ ನಡಿಗೆಯಲ್ಲಿ ಪಾಲು ಕಿತ್ತರೆ ಕಣ್ಣು ಹಿಡಿದುಬಿಡುತ್ತದೆ. ನಾಯಕರು ಸೆಕೆಂಡಿಗೆ ಐದು ಸಲ ಮುಗ್ಗರಿಸಿದರು. ‘ಶಿರಾಡಿ ಘಾಟಲ್ಲಿ ಬಸ್ಸು ಹತ್ತಿದಂಗೈತೆ’ ಎಂದ ಹಿಂದಿನ ಸಾಲಿನವ.

ಎರಡನೇ ಟೆಂಡರು. ಈ ಸಲ ಕೀಳಲಿಲ್ಲ, ಅಕ್ಕಪಕ್ಕದ ಚಿತ್ರಗಳನ್ನು ಬೆರೆಸಿದರು. ಮುಗ್ಗರಿಸುವುದು ಕಡಿಮೆಯಾಯಿತು, ನಾಯಕರಿಗೆ ಮಾತ್ರ ನೆರಳಿನಂಥ ಎರಡನೇ ದೇಹ ಬಂತು. ಒಂದು ಕಾಲು ಇಲ್ಲಿ, ಅದೇ ಕಾಲು ಅಲ್ಲಿ. ಚುನಾವಣೆ ಹತ್ತಿರ ಇತ್ತು, ಜನ ಏನೇನೋ ಅರ್ಥ ಮಾಡಿಕೊಂಡರು.

ಮೂರನೇ ಸಲ ಮದುವೆ ವಿಡಿಯೋ ಎಡಿಟ್ ಮಾಡುವ ಹುಡುಗನೊಬ್ಬನನ್ನು ಕರೆದರು. ಅವನಿಗೆ ಕೆಲಸ ಗೊತ್ತಿತ್ತು. ‘ಸಾರ್, ಇದರಲ್ಲಿರೋದು 60 ಅರೆಚಿತ್ರ. ಬೆಸ ಗೆರೆ ಒಂದ್ಸಲ, ಸಮ ಗೆರೆ ಒಂದ್ಸಲ. ಮೊದಲು ಅವನ್ನ 60 ಪೂರ್ತಿ ಚಿತ್ರ ಮಾಡಬೇಕು. ಆಮೇಲೆ ಯಾವ ಚುಕ್ಕೆ ಎತ್ತ ಹೋಗ್ತಿದೆ ಅಂತ ಲೆಕ್ಕ ಹಾಕಿ, ನಡುವೆ ಹೊಸ ಚಿತ್ರ ಹುಟ್ಟಿಸಬೇಕು.’

‘ಅಂದ್ರೆ ಕ್ಯಾಮೆರಾ ತೆಗೆಯದೇ ಇರೋ ಚಿತ್ರ?’ ಅಧಿಕಾರಿ ಕುರ್ಚಿ ಮುಂದೆ ಎಳೆದುಕೊಂಡರು. ‘ರಸ್ತೆ ಕಾಮಗಾರಿಗೂ ಆಗುತ್ತಾ?’

ಈ ಸಲ ನಾಯಕರು ಬೆಣ್ಣೆಯ ಹಾಗೆ ನಡೆದರು. ಕೈ ಬೀಸಿದ ಕಡೆ ಮಾತ್ರ ಕಂಪ್ಯೂಟರಿಗೆ ಲೆಕ್ಕ ತಪ್ಪಿತು, ಆಲೂಗಡ್ಡೆ ಸೊಪ್ಪು ಮೊಣಕೈಗೆ ಅಂಟಿಕೊಂಡು ಜೊತೆಗೇ ಬಂತು. ರೈತರ ಜೊತೆ ಬೆರೆತಿದ್ದಾರೆ ಎಂದು ಬೆಂಬಲಿಗರು ಚಪ್ಪಾಳೆ ತಟ್ಟಿದರು.

ಎಲ್ಲ ಮುಗಿದ ಮೇಲೆ ಹುಡುಗ ಮೂಲ ಪೆನ್‌ಡ್ರೈವನ್ನೇ ಪರದೆಯ ಡಬ್ಬಿಗೆ ಚುಚ್ಚಿದ. ಒಂದು ಕುಲುಕೂ ಇಲ್ಲದೆ ಓಡಿತು! ಈಗಿನ ಎಲ್‌ಇಡಿ ಪರದೆಗೆ 25 ಆದರೇನು, 30 ಆದರೇನು? ಪಾಲ್ ಬೇಕಾಗಿದ್ದದ್ದು ಹಳೇ ಡಬ್ಬಾ ಟೀವಿಗೆ. ಟೆಂಡರಿನ ಆ ಸಾಲನ್ನು ಯಾವುದೋ ಕಾಲದ ಫೈಲಿನಿಂದ ಇಳಿಸಿಕೊಂಡಿದ್ದರು, ಅಷ್ಟೇ.

ಮೂರೂ ಬಿಲ್ ಪಾಸಾಗಿವೆ. ಈಗ ಆಡಿಟ್‌ನವರ ಆಕ್ಷೇಪಣೆ ಬಂದಿದೆ: ‘ಸೆಕೆಂಡಿಗೆ 30 ಚಿತ್ರ ನೀಡಿದ್ದು, 25 ಮಾತ್ರ ಮರಳಿ ಬಂದಿರುತ್ತವೆ. ಉಳಿದ 5ನ್ನು ಉಗ್ರಾಣಕ್ಕೆ ಜಮಾ ಮಾಡಿ ರಸೀದಿ ಪಡೆಯತಕ್ಕದ್ದು.’ ಹುಡುಗ ಅವನ್ನೆಲ್ಲ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದ. ಉಗ್ರಾಣದವರು ತೂಕದ ಚೀಟಿ ಕೇಳಿದರಂತೆ.