ಹುಟ್ಟಿದ್ದು 41, ಸೋರಿದ್ದು 93

ಲೀಡ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಪ್ಲಾಸ್ಟಿಕ್ ಲೆಕ್ಕ ನಿಮಗೂ ಗೊತ್ತು. ಪರಿಸರಕ್ಕೆ ಚೆಲ್ಲುವುದರಲ್ಲಿ ಭಾರತವೇ ಮೊದಲು: ವರ್ಷಕ್ಕೆ 93 ಲಕ್ಷ ಟನ್. ನನಗೆ ಹೆಮ್ಮೆ ಉಕ್ಕಿದ್ದು ಅದಕ್ಕಲ್ಲ. ಸರ್ಕಾರಿ ಕಡತದ ಪ್ರಕಾರ 2020–21ರಲ್ಲಿ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸವೇ ಸುಮಾರು 41 ಲಕ್ಷ ಟನ್. ಹುಟ್ಟಿದ್ದಕ್ಕಿಂತ ಸೋರಿದ್ದು ಎರಡು ಪಟ್ಟು! ದ್ರೌಪದಿಯ ಅಕ್ಷಯಪಾತ್ರೆ ಇದರ ಮುಂದೆ ಏನೇನೂ ಅಲ್ಲ. ಅದರಲ್ಲಿ ಕೃಷ್ಣನಿಗೆ ಸಿಕ್ಕಿದ್ದು ಒಂದಗುಳು.

ಲೀಡ್ಸಿನವರು ಜಗತ್ತಿನ ಐವತ್ತು ಸಾವಿರಕ್ಕೂ ಹೆಚ್ಚು ಸ್ಥಳೀಯಾಡಳಿತಗಳ ಕಸವನ್ನು ಕಂಪ್ಯೂಟರಿನಲ್ಲೇ ಅಂದಾಜು ಮಾಡಿದರಂತೆ. ಪಾಪ, ಒಂದು ಭಾನುವಾರ ಚಿಕ್ಕಮಗಳೂರಿನ ಕೈಮರ ಚೆಕ್‌ಪೋಸ್ಟಿಗೆ ಬಂದು ನಿಂತಿದ್ದರೆ ಸಾಕಿತ್ತು. ಮುಳ್ಳಯ್ಯನಗಿರಿಗೆ ಹೋಗುವ ಕಾರುಗಳ ಕಿಟಕಿಯಿಂದ ಕುರುಕಲಿನ ಪೊಟ್ಟಣ ಹಾರುವುದನ್ನು ಕಣ್ಣಾರೆ ಎಣಿಸಬಹುದಿತ್ತು.

ಆ ಲೆಕ್ಕದಲ್ಲಿ ಬಯಲಲ್ಲಿ, ಮನೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕೂ ಇದೆ. ಜಗತ್ತಿನ ಒಟ್ಟು ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಇಲ್ಲಿ ನಾನು ಸಿಕ್ಕಿಬಿದ್ದೆ. ಮಲೆನಾಡಿನ ಆಷಾಢದಲ್ಲಿ ಬಚ್ಚಲ ಒಲೆ ಹೊತ್ತಿಸಿದವರಿಗೇ ಗೊತ್ತು ಆ ಕಷ್ಟ. ಸೌದೆ ಹಸಿ, ಅಡಿಕೆ ಹಾಳೆ ಹಸಿ, ಬೆಂಕಿಕಡ್ಡಿಗೂ ಶೀತ. ಆಗ ಕೈ ಹೋಗುವುದು ಹಾಲಿನ ಕವರಿಗೆ. ಅಮ್ಮ ಅದನ್ನು ತೊಳೆದು, ಬಚ್ಚಲ ಗೋಡೆಯ ಮೊಳೆಗೆ ಸಿಕ್ಕಿಸಿ, ಒಣಗಿಸಿ ಇಟ್ಟಿರುತ್ತಾರೆ. ಮೂಲದಲ್ಲೇ ಕಸ ವಿಂಗಡಣೆ ಎಂದು ಭಾಷಣ ಮಾಡುವವರು ನಮ್ಮ ಬಚ್ಚಲನ್ನೊಮ್ಮೆ ನೋಡಬೇಕು. ಆ ಕವರಿನ ತುದಿಗೆ ಬೆಂಕಿ ತಾಗಿಸಿದರೆ ಉರಿ ತೊಟತೊಟ ತೊಟ್ಟಿಕ್ಕುತ್ತದೆ, ಸೌದೆ ಹೊತ್ತಿಕೊಳ್ಳುತ್ತದೆ, ಹೊಗೆ ಗಂಟಲು ಹಿಡಿಯುತ್ತದೆ.

“ಅಮ್ಮಾ, ಅದು ವಿಷ. ಸುಡಬಾರದು” ಎಂದೆ.

“ಕಸದ ಗಾಡಿ ಬರಲಿ, ಕೊಡುತ್ತೇನೆ” ಎಂದರು.

ಗಾಡಿ ಬರುವುದಿಲ್ಲ. ದೇಶದ ಶೇಕಡಾ 95ರಷ್ಟು ಕಸ ಸಂಗ್ರಹವಾಗುತ್ತಿದೆ ಎಂದು ಬರೆದುಕೊಂಡವರು ನಮ್ಮ ರಸ್ತೆಯನ್ನು ಉಳಿದ ಐದರಲ್ಲಿ ಸೇರಿಸಿರಬೇಕು. ಸಾಕಾಗಿದೆ. ಬಾರದ ಗಾಡಿಗೆ ಕಾದು ಕಾದು ಕಸ ಸುಡುವ ಮುದುಕಿ ಅಪರಾಧಿ. ಹರಿದು ಎಸೆಯಲೆಂದೇ ಪೊಟ್ಟಣ ಮಾಡಿದವನು ಉದ್ಯಮಿ.

ನಿಷೇಧ ಇಲ್ಲವೇ ಎನ್ನಬೇಡಿ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ ನಿಷಿದ್ಧ. ಮೊನ್ನೆ ಸಂತೆಯಲ್ಲಿ ಅರ್ಧ ಕೆ.ಜಿ. ಬೂತಾಯಿ ಕೊಂಡೆ. ಮೀನಿನವನು ಅದನ್ನು ಕರಿ ಕವರಿಗೆ ತುಂಬಿ, ನನ್ನ ಮುಖ ನೋಡಿ, ಇನ್ನೊಂದು ಕವರಿನೊಳಗೆ ಇಳಿಸಿದ.

“ಒಂದೇ ಆದರೆ ಸೋರುತ್ತದೆ ಸಾರ್.”