ಮಣ್ಣು ಮುಚ್ಚಿದ್ರೆ ಮುಗೀತಾ?

ಇವತ್ತು ಮತ್ತೆ ಅದೇ ವಾದ ಕಣ್ಣಿಗೆ ಬಿತ್ತು. ದಕ್ಷಿಣ ಅಮೆರಿಕದ ಈಕ್ವೆಡಾರಿನ ಎಣ್ಣೆ ಗುಂಡಿಗಳನ್ನ ಅಮೆರಿಕದ ಎಣ್ಣೆ ಕಂಪನಿ ಟೆಕ್ಸಾಕೊ ಯಾವತ್ತೋ 'ಶುಚಿ' ಮಾಡಿಯಾಗಿದೆಯಂತೆ. ಈ ಮಾತು ಕೇಳಿದ್ರೆ ನಂಗೆ ಪಿತ್ತ ನೆತ್ತಿಗೇರುತ್ತೆ ಅಂತ ನಿಮಗೆ ಗೊತ್ತೇ ಇದೆ.

ಗುಂಡಿ ಅಂದ್ರೆ ಏನು ನೋಡಿ. ಅಮೆಜಾನ್ ಕಾಡಲ್ಲಿ ಎಣ್ಣೆಬಾವಿ ಕೊರೆದ ಪಕ್ಕದಲ್ಲೇ ಬರೀ ಮಣ್ಣಿನ ಹೊಂಡ. ತಳಕ್ಕೆ ಸಿಮೆಂಟಿಲ್ಲ, ಪ್ಲಾಸ್ಟಿಕ್ ಹಾಳೆಯೂ ಇಲ್ಲ. ಕೊರೆದ ಕೆಸರು, ಕಚ್ಚಾ ತೈಲ, ಎಣ್ಣೆ ಜೊತೆ ಮೇಲೆ ಬರೋ ಬಿಸಿ ಉಪ್ಪುನೀರು ಎಲ್ಲಾ ಅದಕ್ಕೇ. ದಂಡೆಯಲ್ಲಿ ಒಂದು ಬಾಗಿದ ಪೈಪು, ಅದರ ಒಳಬಾಯಿ ಎಣ್ಣೆ ಪದರದ ಕೆಳಗೆ. ಮಳೆಗೆ ಮಟ್ಟ ಏರಿದಾಗ ಎಣ್ಣೆ ಮೇಲೇ ಉಳಿದು, ಅಡಿಯ ನೀರು ತೊರೆಗೆ ಇಳೀಬೇಕು. ಏನು ಜಾಣತನ! ಒಗ್ಗರಣೆ ಎಣ್ಣೆ ಮೇಲೆ ತೇಲಿದ್ರೆ ಕೆಳಗಿನ ಸಾರು ಸಪ್ಪೆಯಾಗುತ್ತಾ? ಉಪ್ಪು ಪೂರ್ತಿ ನೀರಲ್ಲೇ ಇರುತ್ತೆ, ಕ್ಯಾನ್ಸರ್ ತರೋ ಬೆಂಜೀನ್ ಕೂಡ ಅದಕ್ಕೆ ಕರಗಿ ಇಳಿದಿರುತ್ತೆ. ಕೊಫಾನ್, ಸಿಯೋನಾ, ಸೆಕೋಯಾ ಆದಿವಾಸಿ ಜನ ಕುಡಿಯೋ, ಮೀಯೋ, ಮೀನು ಹಿಡಿಯೋ ತೊರೆಗೆ ಪೈಪು ಅದನ್ನೇ ಬಸಿದು ಬಿಡ್ತಿತ್ತು. ಮಳೆ ಜೋರಾಗಿ ಹೊಂಡ ಉಕ್ಕಿದ್ರೆ ಎಣ್ಣೆಯೂ ಹಿಂದೆಯೇ.

1972ರಿಂದ 1990ರವರೆಗೆ ಹೀಗೆ ಹೊರಬಿಟ್ಟ ನೀರು ಎಲ್ಲಾ ಸೇರಿ ಸುಮಾರು 1,600 ಕೋಟಿ ಗ್ಯಾಲನ್. ಅದನ್ನ ವಾಪಸ್ ಆಳದ ಕಲ್ಲಿನ ಪದರಕ್ಕೆ ಪಂಪ್ ಮಾಡೋದು ಆಗಲೇ ಟೆಕ್ಸಾಸಿನಲ್ಲಿ ರೂಢಿಯಲ್ಲಿತ್ತು. ಇನ್ನೊಂದು ಬಾವಿ, ಪಂಪು, ಪೈಪಿಗೆ ದುಡ್ಡು ಬಿಚ್ಚಬೇಕಿತ್ತು, ಅಷ್ಟೇ.

(ಅಂದಹಾಗೆ, ಕೊಫಾನರ ನೆಲದಲ್ಲಿ ಎದ್ದ ಊರಿಗೆ ಲಾಗೋ ಆಗ್ರಿಯೊ ಅಂತ ಹೆಸರು. ಕಂಪನಿಗೆ ಶುರುವಲ್ಲಿ ಭಾರಿ ಎಣ್ಣೆ ಸಿಕ್ಕ ಟೆಕ್ಸಾಸಿನ ಸೌರ್ ಲೇಕ್‌ನ ಸ್ಪ್ಯಾನಿಷ್ ರೂಪ. ಹೆಸರನ್ನೂ ಬಿಡಲಿಲ್ಲ.)

ಇನ್ನು ಆ ಶುಚಿಯ ಕಥೆ. 1995ರಿಂದ 98ರವರೆಗೆ, 4 ಕೋಟಿ ಡಾಲರ್, ಸರ್ಕಾರಿ ಎಣ್ಣೆ ಕಂಪನಿ ಜೊತೆ ಹಂಚಿಕೊಂಡಾಗ ತಮ್ಮ ಪಾಲಿಗೆ ಬಂದ ಗುಂಡಿಗಳು ಮಾತ್ರ. ಪಾಸಾಗೋಕೆ ಇಟ್ಟ ಒಂದು ಪರೀಕ್ಷೆ ಕೇಳಿ: ಮಣ್ಣನ್ನ ಹುಳಿ ಬೆರೆಸಿದ ನೀರಲ್ಲಿ ಕುಲುಕಿ ಸೋಸೋದು, ಆ ನೀರಲ್ಲಿ ಲೀಟರಿಗೆ 1,000 ಮಿಲಿಗ್ರಾಂ ಒಳಗೆ ಎಣ್ಣೆ ಇದ್ರೆ ಪಾಸು. ಅಲ್ರೀ, ಎಣ್ಣೆ ನೀರಲ್ಲಿ ಕರಗೋದೇ ಅಷ್ಟಕ್ಕಷ್ಟೆ! ಮಣ್ಣಲ್ಲಿ ಎಷ್ಟು ಉಳಿದಿದೆ ಅನ್ನೋದು ಇದರಲ್ಲಿ ಗೊತ್ತಾಗೋದೇ ಇಲ್ಲ.

"ಆಮೇಲೆ ಸರ್ಕಾರಿ ಪೆಟ್ರೋಇಕ್ವೆಡಾರ್ ಕೂಡ ಸುರೀತಲ್ಲ, ಟೆಕ್ಸಾಕೊವನ್ನ ಕೊಂಡಿದ್ದ ಶೆವ್ರಾನ್ ಪರಿಹಾರ ಕೊಡ್ಬೇಕು ಅಂತ 2011ರಲ್ಲಿ ಈಕ್ವೆಡಾರ್ ಕೋರ್ಟ್ ಕೊಟ್ಟ ತೀರ್ಪು ವಂಚನೆಯಿಂದ ಪಡೆದದ್ದು ಅಂತ 2014ರಲ್ಲಿ ನ್ಯೂಯಾರ್ಕ್ ಕೋರ್ಟೇ ಹೇಳ್ತಲ್ಲ" ಅಂತೀರಿ. ಎರಡೂ ಹೌದು. ಆದ್ರೆ ಅಲ್ಲಿನ ಜನರ ಪರ ವಕೀಲನ ಕಳ್ಳಾಟ ಸಾಬೀತಾದ ದಿನ ಗುಂಡಿಯೊಳಗಿನ ಡಾಂಬರು ಆವಿಯಾಗಿ ಹೋಯ್ತಾ? 1998ರಲ್ಲಿ ಕಂಪನಿಗೆ 'ಬಾಕಿ ಏನಿಲ್ಲ' ಅಂತ ಸಹಿ ಹಾಕಿಕೊಟ್ಟಿದ್ದು ಸರ್ಕಾರ, ತೊರೆ ನೀರು ಕುಡಿದವರಲ್ಲ. ಒಪ್ತೀನಿ, ಈ ವಿಷಯದಲ್ಲಿ ನಂಗೆ ತಾಳ್ಮೆ ಕಮ್ಮಿ.

ಮುಚ್ಚಿದ ಗುಂಡಿ ಮೇಲೆ ಈಗ ಹುಲ್ಲಿದೆ, ಫೋಟೋಗೆ ಚೆನ್ನಾಗೇ ಕಾಣುತ್ತೆ. ಹಲವು ಕಡೆ ಕೈಯಲ್ಲಿ ತಿರುಗಿಸೋ ಬೈರಿಗೆ ಒಂದೆರಡು ಮೀಟರ್ ಇಳಿಸಿ ಎತ್ತಿದ್ರೆ, ತುದಿಗೆ ಕಪ್ಪು ಜಿಗುಟು ಮಣ್ಣು ಅಂಟಿಕೊಂಡು ಬರುತ್ತೆ.